ಮೇಲೆ ಮನೆ, ಕೆಳಗೆ ಮಳಿಗೆ, ಕಂಬದ ಗತಿ?

‘ಬೆಂಗಳೂರಿಗೆ ಭೂಕಂಪವೇ? ಬಿಡಿ ಸ್ವಾಮಿ!’ ಎಂದು ನಗುವವರೇ ಹೆಚ್ಚು. ನಿಜ, 2002ರ ಭೂಕಂಪ ನಕ್ಷೆ ನಮ್ಮೂರನ್ನು ಸೇರಿಸಿದ್ದು ಎರಡನೇ ವಲಯಕ್ಕೆ, ಅಂದರೆ ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ ವಲಯಕ್ಕೆ. ಆದರೆ ನಕ್ಷೆ ನಂಬಿ ನಿದ್ದೆ ಹೊಡೆಯೋ ಹಾಗಿಲ್ಲ. ಮಹಾರಾಷ್ಟ್ರದ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಊರೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ನೆಲ ನಡುಗಿ ಸಾವಿರಾರು ಜನ ಸತ್ತರು.

ಅಲ್ಲಿ ಬಿದ್ದದ್ದು ಕಲ್ಲು-ಮಣ್ಣಿನ ಮನೆ, ನಮ್ಮದು ಆರ್‌ಸಿಸಿ ಎನ್ನುವಿರಾ? 2001ರ ಜನವರಿ 26ರಂದು ಭುಜ್ ಕಡೆ ಭೂಮಿ ನಡುಗಿದಾಗ, 200 ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಆರ್‌ಸಿಸಿ ಕಟ್ಟಡಗಳೇ ಕುಸಿದವು. ಅವುಗಳಲ್ಲಿ ಬಹಳಷ್ಟು, ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತಿದ್ದವು.

ಈಗ ನಮ್ಮ ಜೀವನ್ ಬಿಮಾ ನಗರಕ್ಕೆ ಬನ್ನಿ. ಜೀವ ವಿಮೆಯ ಹೆಸರನ್ನೇ ಹೊತ್ತ ಬಡಾವಣೆ. ಬಸ್ಸಿಗೆ ಕಾಯುವಾಗ ಒಮ್ಮೆ ಕಣ್ಣಾಡಿಸಿ: ಮೇಲೆ ಮನೆ, ಕೆಳಗೆ ಮಳಿಗೆ ಇಲ್ಲವೇ ಕಾರು ನಿಲ್ಲಿಸುವ ಜಾಗ. ಮೇಲಿನ ಅಂತಸ್ತುಗಳನ್ನು ಗೋಡೆಗಳು ಬಿಗಿಯಾಗಿ ಹಿಡಿದಿರುತ್ತವೆ. ಕೆಳಗೆ ಷಟರ್ ಇಡಲೆಂದು ಗೋಡೆಯೇ ಇಲ್ಲ. ನೆಲ ಅಲುಗಿದರೆ ಓಲಾಟವೆಲ್ಲ ಆ ನಾಲ್ಕಾರು ಕಂಬಗಳ ಮೇಲೇ ಬೀಳುತ್ತದೆ. ಹಳೇ ಕಂಬಗಳಲ್ಲಿ ರಿಂಗುಗಳನ್ನು ದೂರ ದೂರ ಕಟ್ಟಿದ್ದರೆ, ಕಂಬಿ ತುಕ್ಕು ಹಿಡಿದಿದ್ದರೆ, ಕೇಳಲೇಬೇಡಿ.

ಹಾಗಂತ ಕೆಡವಿ ಕಟ್ಟಬೇಕಿಲ್ಲ. ಕಂಬದ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟಿನ ಹೊದಿಕೆ ಹಾಕಬಹುದು. ಕೆಲವು ಕಡೆ ಕಂಬಗಳ ನಡುವೆ ಗಟ್ಟಿ ಗೋಡೆ ಎಬ್ಬಿಸಬಹುದು. ಹಳೇ ಆರ್‌ಸಿಸಿ ಕಟ್ಟಡ ಪರೀಕ್ಷಿಸಿ ಬಲಪಡಿಸುವ ಬಗೆಗೆ ಭಾರತೀಯ ಮಾನಕ ಬ್ಯೂರೋ 2013ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ಇದು ಮೇಸ್ತ್ರಿಯ ಅಂದಾಜಿನ ಕೆಲಸವಲ್ಲ, ಸ್ಟ್ರಕ್ಚರಲ್ ಇಂಜಿನಿಯರು ಲೆಕ್ಕ ಹಾಕಿಯೇ ಆಗಬೇಕು.

ತೊಡಕು ದುಡ್ಡಿನದು. ಬಾಡಿಗೆ ನಿಲ್ಲುತ್ತದೆಂದು ಮಾಲೀಕರಿಗೆ ಭಯ; ರಿಪೇರಿ ನೆಪದಲ್ಲಿ ಎಬ್ಬಿಸಿಬಿಟ್ಟಾರೆಂದು ಅಂಗಡಿಯವರಿಗೆ ಭಯ. ಕೆಲಸ ಮುಗಿದೊಡನೆ ಅದೇ ಮಳಿಗೆ ಅದೇ ಬಾಡಿಗೆದಾರನಿಗೆ ಎಂದು ಮೊದಲೇ ಬರೆದುಕೊಂಡರೆ ಅರ್ಧ ಜಗಳ ಮುಗಿಯಿತು. ಪಾಲಿಕೆಯವರೂ ಹಳೇ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಎನ್ನುವವರಿಗೆ ‘ಮೊದಲು ಕೆಳಗಿನ ಕಂಬ ತೋರಿಸಿ’ ಎನ್ನಲಿ. ಕಂಬ ಗಟ್ಟಿ ಮಾಡಿಸಿದವರಿಗೆ ತೆರಿಗೆಯಲ್ಲಿ ಒಂದಿಷ್ಟು ಬಿಡಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಸಂಬಂಧಪಟ್ಟವರು ಇತ್ತ ನೋಡುವರೇ?