ಒಂಬತ್ತು ತಿಂಗಳ ಮೌನ, ಎರಡನೇ ರಾತ್ರಿಯ ಡಬ್ಬಿ

ಎದೆಹಾಲೂಡಿಸುವ ತಯಾರಿ ಹೆರಿಗೆಗೆ ಮೊದಲೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಆಸ್ಪತ್ರೆಗಳಿಗೆ ಹಾಕಿಕೊಟ್ಟ ಹತ್ತು ಸೂತ್ರಗಳಲ್ಲಿ ಮೂರನೆಯದು ಇದೇ: ಬಸುರಿಗೆ ಹಾಲೂಡಿಸುವ ಬಗೆ ತಿಳಿಸಿರಬೇಕು. 2018ರ ಪರಿಷ್ಕರಣೆ ಮನೆಯವರನ್ನೂ ಸೇರಿಸಿತು. ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿವರೆಗಿನ ಎಷ್ಟೋ ನರ್ಸಿಂಗ್ ಹೋಂಗಳಿಗೆ ಈ ಸೂತ್ರ ಇನ್ನೂ ತಲುಪಿದಂತಿಲ್ಲ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು.

ಬಸುರಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಉಂಟು, ಶುಗರ್ ಟೆಸ್ಟ್ ಉಂಟು, ಸೀಮಂತಕ್ಕೆ ಫೋಟೋಶೂಟ್ ಕೂಡ ಉಂಟು. ಮಗುವನ್ನು ಎದೆಗೆ ಹಿಡಿಯುವುದು ಹೇಗೆಂದು ಹೇಳಲು ಮಾತ್ರ ಯಾರಿಗೂ ಹತ್ತು ನಿಮಿಷ ಪುರುಸೊತ್ತಿಲ್ಲ. 'ಅದೆಲ್ಲ ತಾನಾಗೇ ಬರುತ್ತೆ, ನಮ್ಮಜ್ಜಿಗೆ ಯಾರು ಕ್ಲಾಸ್ ತಗೊಂಡಿದ್ರು?' ಎನ್ನುವವರಿಗೆ ಬರವಿಲ್ಲ. ಅಜ್ಜಿಯಾದರೋ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರ ಬಾಣಂತನವನ್ನು ಕಣ್ಣಾರೆ ಕಂಡೇ ತಾಯಿಯಾದವಳು. ಬಸವೇಶ್ವರನಗರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಮಗಳಾಗಿ ಬೆಳೆದವಳು ಅದನ್ನು ಎಲ್ಲಿ ನೋಡಿರಬೇಕು?

ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ. ಮೊದಲ ದಿನಗಳ ಗಿಣ್ಣುಹಾಲು ಕೆಲವೇ ಚಮಚ. ಹಸುಗೂಸಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಎದೆ ತುಂಬಿಕೊಳ್ಳಲು ಎರಡರಿಂದ ಐದು ದಿನ ಬೇಕು, ಸಿಸೇರಿಯನ್ ಆದರೆ ತುಸು ತಡ. ಮಗು ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಬಾಯಿತುಂಬ ಹಿಡಿಯಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿದು, ಐದನೇ ದಿನದ ಹೊತ್ತಿಗೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದೇ ಲೆಕ್ಕ. ಇಷ್ಟು ಗೊತ್ತಿಲ್ಲದ ಮನೆಯಲ್ಲಿ ಎರಡನೇ ರಾತ್ರಿಯ ಅಳುವಿಗೆ ಒಂದೇ ಅರ್ಥ: 'ಹಾಲಿಲ್ಲ.' ಬೆಳಗಾಗುವುದರೊಳಗೆ ಹಾಲಿನ ಪುಡಿಡಬ್ಬಿ ಹಾಜರು. ಮಗು ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗಿ, ತೀರ್ಪು ತಾನಾಗೇ ನಿಜವಾಗುತ್ತದೆ. ವೈದ್ಯಕೀಯ ಕಾರಣಕ್ಕೆ ಪುಡಿ ಬೇಕಾಗುವ ಕೂಸುಗಳಿವೆ, ಆ ಮಾತು ಬೇರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21: ದೇಶದಲ್ಲಿ ಆಸ್ಪತ್ರೆ ಹೆರಿಗೆ ಶೇ 88.6. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ 41.8. ಡಾಕ್ಟರು, ನರ್ಸು, ಆಯಾ ಎಲ್ಲರೂ ಕೈಯಳತೆಯಲ್ಲೇ ಇದ್ದು ಶೇ 41.8! ಹಸುಗೂಸಿಗೆ ಅಜ್ಜಿ ನೆಕ್ಕಿಸುವ ಜೇನುತುಪ್ಪವನ್ನೂ ಬೀದಿಯಲ್ಲಿ ಮಾರುವ ಕತ್ತೆಹಾಲನ್ನೂ ಬೈದು ಕೈತೊಳೆದುಕೊಳ್ಳುವ ವೈದ್ಯವರ್ಗ ಈ ಎರಡು ಅಂಕಿಗಳನ್ನು ಲೇಬರ್ ವಾರ್ಡಿನ ಬಾಗಿಲಿಗೆ ಅಂಟಿಸಿಕೊಳ್ಳಲಿ. ಆಗಸ್ಟ್ ಮೊದಲ ವಾರದ ಸ್ತನ್ಯಪಾನ ಸಪ್ತಾಹದ ಬ್ಯಾನರಿಗಿಂತ ಅದು ಅಗ್ಗ.

ಕಾನೂನಿಗಂತೂ ಕೊರತೆಯಿಲ್ಲ. 1992ರ ಕಾಯ್ದೆ, 2003ರ ತಿದ್ದುಪಡಿ ಎರಡೂ ಸೇರಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೂ ಉಚಿತ ಸ್ಯಾಂಪಲ್ಲನ್ನೂ ನಿಷೇಧಿಸಿವೆ. ಅಷ್ಟಿದ್ದೂ ಮಾರುಕಟ್ಟೆ ಎಲ್ಲಿಗೆ ಹೋಯಿತೆಂದರೆ, ತಾಯಂದಿರ ಹಾಲನ್ನೇ ಮಾರಬಾರದೆಂದು 2024ರ ಮೇನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಬೇಕಾಯಿತು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಾಡೂ ಹೀಗೇ, ಕಾನೂನು ಕಾಗದದ ಮೇಲಷ್ಟೇ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಹಾಲೂಡಿಸುವ ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಬಂದದ್ದು. 2017ರ ತಿದ್ದುಪಡಿ 26 ವಾರ ರಜೆ ಕೊಟ್ಟು, 50 ಜನ ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯನ್ನೂ ಕಡ್ಡಾಯ ಮಾಡಿತು. ಟಾರ್ಗೆಟ್ ಮುಗಿಯದೆ ನೀರು ಕುಡಿಯಲೂ ಏಳದ ಲೈನಿನಲ್ಲಿ ಈ ಬಿಡುವನ್ನು ಕೇಳುವ ಧೈರ್ಯ ಯಾರಿಗಿದೆ?

ನೆರವು ಇಲ್ಲವೇ ಇಲ್ಲ ಎನ್ನಲಾಗದು. ತಾಯಿ ಕಾರ್ಡ್ ಮಾಡಿಸುವ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇದ್ದಾರೆ; ಸಂಬಳಕ್ಕಿಂತ ರಿಜಿಸ್ಟರುಗಳೇ ಅವರ ಪಾಲಿಗೆ ಹೆಚ್ಚು. ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕ್ ಇದೆ. ದುಡ್ಡಿದ್ದವರಿಗೆ ಲ್ಯಾಕ್ಟೇಶನ್ ಸಲಹೆಗಾರರು ಸಿಗುತ್ತಾರೆ. ಉಳಿದವರು ಏಳನೇ ತಿಂಗಳಲ್ಲೇ ಆಸ್ಪತ್ರೆಯನ್ನು ಕೇಳಬೇಕು: ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸುತ್ತೀರಾ? ಸಿಸೇರಿಯನ್ ಆದರೂ? ರಾತ್ರಿ ಪಾಳಿಯಲ್ಲಿ ಹಾಲು ಹಿಡಿಸಿಕೊಡುವವರು ಯಾರು? ಕೇಳದೆ ಪುಡಿ ಕೊಡುತ್ತೀರಾ? ಉತ್ತರ ತಡವರಿಸಿದರೆ ಬೇರೆ ಆಸ್ಪತ್ರೆ ಹುಡುಕಲು ಏಳನೇ ತಿಂಗಳಲ್ಲಿ ಇನ್ನೂ ಸಮಯವಿರುತ್ತದೆ.