ಮುಖ ಹೋಲಿದರೆ ಸಾಕೇ?



ಕಳ್ಳರನ್ನು ಹುಡುಕಲು ಪೊಲೀಸರ ಹತ್ತಿರ ಈಗ ಮುಖ ಗುರುತಿಸುವ ಯಂತ್ರ ಅದ. ಕ್ಯಾಮೆರಾದಲ್ಲಿ ಬಿದ್ದ ಮುಖದ ಕಣ್ಣು, ಮೂಗು, ಗದ್ದದ ಅಳತೆಯನ್ನು ಅದು ಅಂಕಿ ಮಾಡಿಕೊಳ್ಳುತ್ತದೆ. ಆಮೇಲೆ ದಾಖಲೆಯ ಫೋಟೋಗಳ ಜೊತೆ ಹೋಲಿಸಿ, ಯಾರು ಎಷ್ಟು ಹೋಲ್ತಾರ ಅಂತ ಹೇಳುತ್ತದೆ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲೂ ಈ ತಂತ್ರ ಅದ.

ಇದರಿಂದ ಉಪಯೋಗ ಇಲ್ಲ ಅಂತ ನಾನು ಹೇಳೋದಿಲ್ಲ. 2018ರಲ್ಲಿ ದೆಹಲಿ ಪೊಲೀಸರು ಕಾಣೆಯಾದ ಸುಮಾರು 3,000 ಮಕ್ಕಳನ್ನು ನಾಲ್ಕೇ ದಿನದಲ್ಲಿ ಇದರಿಂದ ಗುರುತಿಸಿದರು. ಎಷ್ಟು ತಾಯಂದಿರ ಹೊಟ್ಟಿ ತಣ್ಣಗಾಗಿರಬೇಕು!

ಆದರೆ ಹೋಲುವುದು ಬೇರೆ, ಅವನೇ ಆಗಿರುವುದು ಬೇರೆ. 2025ರಿಂದ ಅಂಗನವಾಡಿಯಲ್ಲಿ ರೇಷನ್ ಕೊಡುವಾಗ ಮೊಬೈಲಿಗೆ ಮುಖ ತೋರಿಸಬೇಕು. ಅಲ್ಲಿ ಒಬ್ಬ ತಾಯಿಯ ಮುಖವನ್ನು ಆಕೆಯದೇ ಫೋಟೋಕ್ಕೆ ಹೋಲಿಸ್ತಾರ. ಪೊಲೀಸರ ಯಂತ್ರ ಮಾತ್ರ ಮಸುಕಾದ ಒಂದು ಚಿತ್ರ ಹಿಡಕೊಂಡು ಸಾವಿರಾರು ಮುಖದಾಗ ಹುಡುಕಬೇಕು. ಮಂದಿ ಹೆಚ್ಚಾದಂಗ ಒಂದೇ ಥರ ಕಾಣೋರೂ ಹೆಚ್ಚು ಸಿಗ್ತಾರ. ಗಾಣಗಾಪುರ ಜಾತ್ರಿಯಾಗ ಯಾರನ್ನೋ ನೋಡಿ ನಮ್ಮ ಮಾವ ಅಂತ ಕೂಗೋದಿಲ್ಲೇನು? ಹಂಗ.

ಶೇ. 80ಕ್ಕಿಂತ ಹೆಚ್ಚು ಹೋಲಿದರೆ ಸರಿ ಎಂದು ಎಣಿಸುತ್ತೇವೆ ಅಂತ ದೆಹಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಲ್ಲಿ ಹೇಳಿದ್ದರು. ಪರೀಕ್ಷೆಯಾಗ 80 ಛಲೋ ಅಂಕ, ಖರೇ. ಆದರ ಒಬ್ಬ ಮನುಷ್ಯನನ್ನ ಕಳ್ಳ ಅನ್ನಲಿಕ್ಕೆ ಅದು ಸಾಕೇನು?

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 2020ರಲ್ಲಿ ಯಂತ್ರದ ಮಾತು ನಂಬಿ, ಕೈಗಡಿಯಾರ ಕದ್ದ ಆರೋಪದ ಮೇಲೆ ಒಬ್ಬರನ್ನು ಹೆಂಡತಿ ಮಕ್ಕಳ ಮುಂದೆಯೇ ಹಿಡಿದೊಯ್ದರು. ಸುಮಾರು 30 ತಾಸು ಕೂಡಿಹಾಕಿದರು. ಅವರು ಕದ್ದೇ ಇರಲಿಲ್ಲ. ಯಂತ್ರ ತೋರಿಸಿದ್ದಷ್ಟರಿಂದಲೇ ಯಾರನ್ನೂ ಬಂಧಿಸಬಾರದು ಅಂತ 2024ರಲ್ಲಿ ಅಲ್ಲಿನ ಪೊಲೀಸರು ಒಪ್ಪಿಕೊಂಡರು.

ನಮಗ್ಯಾಕ ಈ ಮಾತು ಅನ್ನಬ್ಯಾಡ್ರಿ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ತೊಗರಿ ರಾಶಿ ಮುಗಿದ ಮ್ಯಾಲ ಎಷ್ಟೋ ಮಂದಿ ಬೆಂಗಳೂರು, ಪುಣೆ, ಮುಂಬೈಗೆ ದುಡಿಲಾಕ ಹೋಗ್ತಾರ. ಊರಾಗಾದರ "ಇವ ನಮ್ಮವ, ಆ ದಿನ ಹೊಲದಾಗ ಇದ್ದ" ಅನ್ನಲಿಕ್ಕೆ ಹತ್ತು ಮಂದಿ ಅದಾರ. ಗುರುತಿಲ್ಲದ ಊರಾಗ ಅವರ ಪರವಾಗಿ ಯಾರು ಹೇಳಬೇಕು?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಯಂತ್ರ ಸುಳಿವು ಕೊಡಲಿ, ತೀರ್ಪು ಕೊಡಬಾರದು. ಬೆರಳಚ್ಚು ನೋಡಲಿ, ಆ ಹೊತ್ತಿನಲ್ಲಿ ಅವನು ಎಲ್ಲಿದ್ದ ಅಂತ ವಿಚಾರಿಸಲಿ, ಸಾಕ್ಷಿ ಕೇಳಲಿ. ನಮ್ಮ ಕಲಬುರಗಿಯಲ್ಲೇ ವಿಧಿವಿಜ್ಞಾನ ಪ್ರಯೋಗಾಲಯ ಅದ. ಡೆಟ್ರಾಯಿಟ್‌ನಂಥ ನಿಯಮ ನಮ್ಮಲ್ಲೂ ಬರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳ್ಯಾರ. ಕಣ್ಣಿಗೇ ಈ ಮಾತು ಆದರ, ಕ್ಯಾಮೆರಾಕ್ಕ ಬ್ಯಾಡೇನು?

ನಿಮಗೇನು ಅನಿಸ್ತದ, ಮುಂದಿನ ಸಂಚಿಕೆಗೆ ಬರೆಯಿರಿ.

ಏಳನೇ ತರಗತಿ