ಉಳಿ ಹಿಡಿದ ಹುಡುಗನಿಗೆ ಕೂಲಿ, ಇಂಜಿನಿಯರಿಂಗ್ ಹುಡುಗನಿಗೆ?

ಮೊನ್ನೆ ಶಿವಾರಪಟ್ಟಣಕ್ಕೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿಲ್ಪಿಗಳ ಊರು. ಬೀದಿಗೆ ಕಾಲಿಟ್ಟರೆ ಉಳಿಯ ಟಣ್ ಟಣ್ ಸದ್ದು, ಅದರ ಜೊತೆ ಕಟ್ಟರ್ ಮೆಷಿನ್ನಿನ ಕಿರುಚಾಟ. ನಮ್ಮೂರ ದೇವಸ್ಥಾನಕ್ಕೆ ಒಂದು ನಂದಿ ಬೇಕಿತ್ತು, ದರ ವಿಚಾರಿಸೋಣ ಅಂತ ಹೋಗಿದ್ದು. ಜೊತೆಗೆ ಅಕ್ಕನ ಮಗ ಇದ್ದ. ಸಿವಿಲ್ ಇಂಜಿನಿಯರಿಂಗ್, ಕೊನೆಯ ವರ್ಷ.

ಒಂದು ಶೆಡ್ಡಿನಲ್ಲಿ ಇವನ ವಯಸ್ಸಿನದೇ ಹುಡುಗ ಪೀಠವೊಂದನ್ನು ಉಜ್ಜಿ ನುಣುಪು ಮಾಡ್ತಿದ್ದ. ಮೈ ತುಂಬಾ ಕಲ್ಲಿನ ಧೂಳು. ಸೇರಿ ಆರು ತಿಂಗಳಾಯಿತಂತೆ. "ಮುಖ, ಕಣ್ಣು ಮುಟ್ಟೋಕೆ ಇನ್ನೂ ಬಿಡಲ್ಲ ಸಾರ್" ಅಂದ. ದುಡ್ಡು ಕೊಡ್ತಾರಾ ಅಂದೆ. "ವಾರ ವಾರ ಕೊಡ್ತಾರೆ. ಕೈ ಕುದುರಿದ ಹಾಗೆ ಜಾಸ್ತಿ ಮಾಡ್ತಾರೆ."

ವಾಪಸ್ ಬರುವಾಗ ನಮ್ಮ ಹುಡುಗ ಮೆಲ್ಲಗೆ ಬಾಯಿ ಬಿಟ್ಟ. "ಮಾವ, ನಾನು ಇಂಟರ್ನ್‌ಶಿಪ್‌ಗೆ ನಾಲ್ಕು ಸಾವಿರ ಕಟ್ಟಿದೀನಿ."

ಕಟ್ಟಿದ್ದಾ? ತಗೊಂಡಿದ್ದಲ್ವಾ?

ಕಥೆ ಇಷ್ಟು. ವೈಟ್‌ಫೀಲ್ಡ್ ಹತ್ತಿರ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಅವನಿಗೆ ಒಳ್ಳೆಯ ಅವಕಾಶ ಬಂದಿತ್ತು. ಪ್ಲಾನಿಂಗ್, ಬಿಲ್ಲಿಂಗ್, ಕ್ವಾಲಿಟಿ ಎಲ್ಲಾ ನೋಡಬಹುದಿತ್ತು. ಆದರೆ ಬಿಡಿಗಾಸೂ ಇಲ್ಲ. ಮಾಲೂರಿನಿಂದ ರೈಲು ಇದೆ, ನಿಜ. ಸ್ಲ್ಯಾಬ್ ಹಾಕುವ ದಿನ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿದರೆ ಯಾವ ರೈಲು? ಪಿ.ಜಿ. ಹಿಡಿಯಬೇಕು. ಅವರಪ್ಪ ಇಟ್ಟಿಗೆ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು, ಕಾಲೇಜು ಫೀಸಿಗೇ ಸಾಲ ಮಾಡಿದ್ದಾರೆ. ಅವರನ್ನು ಕೇಳೋಕೆ ಇವನಿಗೆ ಮನಸ್ಸಾಗಲಿಲ್ಲ. ಮನೆಯಲ್ಲೇ ಕೂತು ನಾಲ್ಕು ವಿಡಿಯೋ ನೋಡಿದರೆ ಸರ್ಟಿಫಿಕೇಟ್ ಕೊಡುವ ಒಂದು ಆಫೀಸಿಗೆ ದುಡ್ಡು ಕಟ್ಟಿದ. "ಸರ್ಟಿಫಿಕೇಟ್ ಸಿಕ್ರೆ ಆಯ್ತಲ್ಲ ಮಾವ" ಅಂತಾನೆ.

ಬೈಯೋಣ ಅಂದುಕೊಂಡೆ. ಬಾಯಿ ಬರಲಿಲ್ಲ. ಯಾಕೆಂದರೆ ನಾನೂ ಸೈಟಿನಲ್ಲಿ ಕೆಲಸ ಮಾಡುವವನೇ. ನನ್ನ ಕೈಕೆಳಗೂ ಇಂಟರ್ನ್‌ಗಳು ಬಂದು ಹೋಗಿದ್ದಾರೆ. ಒಂದು ಹೆಲ್ಮೆಟ್ ಕೊಟ್ಟು "ಸುತ್ತಾಡಿಕೊಂಡು ನೋಡಪ್ಪಾ" ಅಂದು, ಕೊನೆಗೆ ಡೈರಿಗೆ ಸೈನ್ ಹಾಕಿ ಕಳಿಸಿದ್ದೇನೆ. ಸಂಬಳ ಕೊಡದ ಹುಡುಗನ ಹತ್ತಿರ ಕೆಲಸ ಕೇಳುವ ಹಕ್ಕು ನಮಗಿಲ್ಲ, ಕೆಲಸ ಕೇಳದಿದ್ದರೆ ಕಲಿಸುವ ದರ್ದೂ ಇಲ್ಲ.

ಅದೇ ಒಂದಷ್ಟು ದುಡ್ಡು ಕೊಟ್ಟಿದ್ದರೆ? ಮೊದಲ ವಾರವೇ ಕೂರಿಸಿಕೊಂಡು ಡ್ರಾಯಿಂಗ್ ಓದಿಸುತ್ತಿದ್ದೆ, ಬಾರ್ ಬೆಂಡಿಂಗ್ ಷೆಡ್ಯೂಲ್ ಮಾಡಿಸುತ್ತಿದ್ದೆ. ಕಾಂಕ್ರೀಟ್ ಬಂದಾಗ 150 ಮಿ.ಮೀ. ಕ್ಯೂಬ್ ತುಂಬಿಸಿ, 7ನೇ ದಿನ ಮತ್ತು 28ನೇ ದಿನ ಒಡೆಸಿ, ರಿಜಿಸ್ಟರ್ ಬರೆಸುತ್ತಿದ್ದೆ. ಇದೆಲ್ಲಾ ಸೈಟಿಗೆ ಬೇಕಾದ ಕೆಲಸವೇ ತಾನೆ?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 1961ರ ಅಪ್ರೆಂಟಿಸ್ ಕಾಯ್ದೆಗೆ 1973ರ ತಿದ್ದುಪಡಿಯಲ್ಲಿ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಆಯಿತು. ಆ ಕನಿಷ್ಠ ಸ್ಟೈಪೆಂಡಿನ ಅರ್ಧ ಕೇಂದ್ರದ ಪಾಲು. 2023ರಲ್ಲಿ ನಮ್ಮ ರಾಜ್ಯದ ಯುವನಿಧಿ ಬಂತು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ, ತಿಂಗಳಿಗೆ 5,000. ಅದು ಶುರುವಾದಾಗ ಪೂರ್ಣಾವಧಿ ಓದುತ್ತಿರುವವರಿಗೆ ಅವಕಾಶವೇ ಇರಲಿಲ್ಲ.

ಗಮನಿಸಿದಿರಾ? ಬಾಗಿಲುಗಳೆಲ್ಲಾ ತೆರೆಯುವುದು ಡಿಗ್ರಿ ಮುಗಿದ ಮೇಲೆ. ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಕೋರ್ಸುಗಳು ಬಂದಿವೆ, ಆದರೆ ನಮ್ಮ ಹುಡುಗನದು ಮಾಮೂಲಿ ಬಿ.ಇ. ಸಿಲಬಸ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಸ್ಟೈಪೆಂಡ್ ಮಾತ್ರ ಕೊಡುವವರ ಇಷ್ಟ. ಕೊನೆಗೆ ಪಿ.ಜಿ. ಬಾಡಿಗೆ ಕಟ್ಟಬಲ್ಲವನ ಮಗ ಸೈಟ್ ನೋಡ್ತಾನೆ, ಕಟ್ಟಲಾಗದವನ ಮಗ ವಿಡಿಯೋ ನೋಡ್ತಾನೆ. ಇಂಟರ್‌ವ್ಯೂನಲ್ಲಿ ಇಬ್ಬರ ಕೈಲೂ ಸರ್ಟಿಫಿಕೇಟ್ ಇರುತ್ತೆ. ಕೆಲಸ ಯಾರಿಗೆ ಸಿಗುತ್ತೆ ಅಂತ ಹೇಳಬೇಕಾಗಿಲ್ಲ.

"ಏನೂ ಬಾರದ ಹುಡುಗನಿಗೆ ಯಾಕ್ರೀ ದುಡ್ಡು?" ಅಂತ ಕಂಟ್ರಾಕ್ಟರುಗಳು ಕೇಳ್ತಾರೆ. ಸಣ್ಣ ಕಂಟ್ರಾಕ್ಟರಿಗೆ ಅದು ಭಾರವೇ, ಒಪ್ಪುತ್ತೇನೆ. ಹಾಗಾಗಿಯೇ ಪದವೀಧರ ಅಪ್ರೆಂಟಿಸ್‌ಗೆ ಕೊಡುವ ಅರ್ಧ ಪಾಲನ್ನು ಕೊನೆಯ ವರ್ಷದ ಇಂಟರ್ನ್‌ಗೂ ಸರ್ಕಾರ ಕೊಡಲಿ ಅನ್ನುವುದು ನನ್ನ ವಾದ. ದೊಡ್ಡ ಬಿಲ್ಡರುಗಳಿಗೆ ಇದು ಲೆಕ್ಕಕ್ಕೇ ಬರದ ಖರ್ಚು. ಕಾಲೇಜುಗಳು ದುಡ್ಡು ಕಟ್ಟಿ ತಂದ ಸರ್ಟಿಫಿಕೇಟುಗಳಿಗೆ ಮಾರ್ಕ್ಸ್ ಕೊಡೋದನ್ನು ನಿಲ್ಲಿಸಲಿ. ಬರೀ ಇದನ್ನು ನಿಲ್ಲಿಸಿ ಸ್ಟೈಪೆಂಡ್ ಕೊಡಿಸದಿದ್ದರೆ ಮತ್ತೆ ಹೊಡೆತ ಬೀಳೋದು ಬಡ ಹುಡುಗರಿಗೇ, ಅದೂ ನೆನಪಿರಲಿ.

ಶಿವಾರಪಟ್ಟಣದಲ್ಲಿ ಎಲ್ಲಾ ಸರಿಯಿದೆ ಅಂತ ನಾನು ಹೇಳ್ತಿಲ್ಲ. ಆ ಹುಡುಗನ ಮೂಗಿಗೆ ಒಂದು ಮಾಸ್ಕ್ ಕೂಡ ಇರಲಿಲ್ಲ. ಆದರೆ ಕಲಿಯುವವನ ಕೈಗೂ ಬೆಲೆ ಇದೆ ಅನ್ನೋದು ಆ ಶೆಡ್ಡಿನವರಿಗೆ ಗೊತ್ತಿದೆ.

ನಮ್ಮ ಹುಡುಗನ ನಾಲ್ಕು ಸಾವಿರ ಹೋಯಿತು, ಇರಲಿ. ಜನವರಿಯಿಂದ ನಮ್ಮ ಸೈಟಿಗೆ ಇಬ್ಬರು ಇಂಟರ್ನ್‌ಗಳು ಬರ್ತಾರಂತೆ. ಅವರಿಗೆ ಊಟ ಮತ್ತು ಪಿ.ಜಿ. ಖರ್ಚಾದರೂ ಕೊಡಿ ಅಂತ ಮ್ಯಾನೇಜರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ನಿಮ್ಮಲ್ಲೂ ಸೈಟಿನವರು, ಕಾಲೇಜಿನವರು ಇದ್ದೀರಲ್ಲ, ನಿಮ್ಮ ಕಡೆ ಏನು ಕೊಡ್ತೀರಿ?